ಕ್ಲೀನರ್ ಇಳಿದುಹೋದ ಮೇಲೆ ಲಾರಿ ತೊಳೆಯುವವರು

ಲಾರಿಯಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುವ ಹುಡುಗನಿಗೆ ನಮ್ಮಲ್ಲಿ ಕ್ಲೀನರ್ ಎಂದು ಹೆಸರು. ಅವನು ಮಾಡುವ ಕೆಲಸ ಹತ್ತಾರು. ತಾಡಪಾಲು ಬಿಗಿಯುತ್ತಾನೆ, ಹಗ್ಗ ಎಳೆಯುತ್ತಾನೆ, ಗಾಡಿ ಹಿಂದಕ್ಕೆ ಬರುವಾಗ ಕೆಳಗಿಳಿದು ‘ಬರ್ಲಿ, ಬರ್ಲಿ’ ಎಂದು ಕೂಗುತ್ತಾನೆ, ನಿಂತಲ್ಲೆಲ್ಲ ರಾಡು ಹಿಡಿದು ಟೈರು ಬಡಿದು ಗಾಳಿ ನೋಡುತ್ತಾನೆ, ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಇಷ್ಟೆಲ್ಲ ಮಾಡಿದರೂ ಅವನಿಗೆ ಹೆಸರು ಬಂದದ್ದು ತೊಳೆಯುವ, ಒರೆಸುವ ಕೆಲಸದಿಂದ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೂಡ ಡ್ರೈವರ್, ಕಂಡಕ್ಟರ್ ಜೊತೆಗೆ ಕ್ಲೀನರನನ್ನೂ ಅದೇ ಹೆಸರಿನಲ್ಲಿ ಸಾರಿಗೆ ಕಾರ್ಮಿಕ ಎಂದು ಬರೆದುಕೊಂಡಿತು. ಗಾಡಿ ಚೊಕ್ಕವಾಗಿಡುವುದೂ ಗಾಡಿ ಓಡಿಸುವಷ್ಟೇ ಸಾರಿಗೆಯ ಭಾಗ ಎಂಬ ತಿಳಿವಳಿಕೆ ಆ ಹೆಸರಿನೊಳಗಿತ್ತು. ಈಗ ಆ ಸೀಟು ಖಾಲಿಯಾಗುತ್ತಿದೆ. ಡೀಸೆಲ್, ಟೋಲ್, ವಿಮೆ, ಸಾಲದ ಕಂತು ಎಲ್ಲವೂ ಏರಿ ಬಾಡಿಗೆ ಮಾತ್ರ ಏರದಿದ್ದಾಗ ಮಾಲೀಕರು ಮೊದಲು ಕೈಬಿಟ್ಟದ್ದು ಕ್ಲೀನರನ ಸಂಬಳವನ್ನು. ಉದ್ದನೆಯ ಓಟಕ್ಕೂ ಇವತ್ತು ಎಷ್ಟೋ ಲಾರಿಗಳು ಒಬ್ಬನೇ ಡ್ರೈವರನ ಮೇಲೆ ಹೋಗಿಬರುತ್ತವೆ. ಕ್ಲೀನರ್ ಇಳಿದುಹೋದ ಮೇಲೆ ಅವನ ಹೆಸರಿನ ಕೆಲಸ ಹೆದ್ದಾರಿ ಪಕ್ಕದ ‘ವಾಟರ್ ಸರ್ವಿಸ್’ ಬೋರ್ಡಿನ ಕೆಳಗೆ ಬಂದು ನಿಂತಿದೆ. ಅಲ್ಲಿ ಪೈಪು ಹಿಡಿದು ನಿಂತವರ ಬಗ್ಗೆ, ಅವರ ಕೂಲಿ ಮತ್ತು ಅವರ ಜಾಗದ ಬಗ್ಗೆ ಸಾರಿಗೆ ಇಲಾಖೆಯೂ ಸರಕು ಕಳಿಸುವ ವ್ಯಾಪಾರಸ್ಥರೂ ಇನ್ನೂ ಯೋಚನೆಯನ್ನೇ ಮಾಡಿಲ್ಲ. ಲಾರಿ ತೊಳೆಯುವುದು ಅಂದಚಂದದ ಖರ್ಚು ಎಂದು ತಿಳಿದಿರುವುದೇ ಇದಕ್ಕೆ ಕಾರಣ. ನಿಜಕ್ಕೆ ಅದು ಗಾಡಿಗೆ ಆಗುವ ಮೊದಲ ತಪಾಸಣೆ. ಅದಕ್ಕೆ ತಪಾಸಣೆಯ ಬೆಲೆಯನ್ನೇ ಕೊಡಬೇಕು ಎಂಬುದು ಈ ಲೇಖನದ ವಾದ.

ಹತ್ತು ಚಕ್ರದ ಲಾರಿಯೊಂದು ರ‍್ಯಾಂಪಿನ ಮೇಲೆ ಹತ್ತಿ ನಿಂತಾಗ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಈ ಮಾತು ತಿಳಿಯುತ್ತದೆ. ಕೆಲಸ ಗೊತ್ತಿರುವವನು ಮೇಲಿನ ಬಣ್ಣಕ್ಕೆ ಮೊದಲು ಕೈಹಾಕುವುದಿಲ್ಲ. ಗಾಡಿಯ ಅಡಿಗೆ ಹೋಗಿ ಚಾಸಿ, ಹೌಸಿಂಗ್, ಕಮಾನು ಪಟ್ಟಿಗಳಿಗೆ ನೀರು ಹಿಡಿಯುತ್ತಾನೆ. ಅಲ್ಲಿ ಕೆಸರು ಪದರ ಪದರವಾಗಿ ಕೂತಿರುತ್ತದೆ: ಮೇಲೆ ಒಣಗಿದ ಮಣ್ಣು, ಅದರ ಕೆಳಗೆ ಗ್ರೀಸಿನಲ್ಲಿ ಕಲಸಿದ ಧೂಳು, ಎಲ್ಲಕ್ಕಿಂತ ಒಳಗೆ ಕಬ್ಬಿಣಕ್ಕೆ ಅಂಟಿದ ಕಪ್ಪು ಜಿಡ್ಡು. ಆ ಜಿಡ್ಡು ಬಿಟ್ಟಾಗ ಗಾಡಿ ತನ್ನ ಕಾಯಿಲೆಯನ್ನು ತೋರಿಸುತ್ತದೆ. ಚಕ್ರದ ನಟ್ಟಿನಿಂದ ಹೊರಟ ತುಕ್ಕಿನ ಗೆರೆ ರಿಮ್ಮಿನ ಮೇಲೆ ಕಂಡರೆ ಆ ನಟ್ಟು ಸಡಿಲವಾಗಿರುವ ಸಾಧ್ಯತೆ ಇದೆ. ಹಬ್ಬಿನ ಒಳಮೈ ತೊಳೆದ ಮೇಲೂ ಎಣ್ಣೆಯಿಂದ ಒದ್ದೆಯಾಗಿದ್ದರೆ ಸೀಲು ಹೋಗಿದೆ, ಆ ಎಣ್ಣೆ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ. ಕಮಾನು ಪಟ್ಟಿಯಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಬಿರುಕು. ಬ್ರೇಕಿನ ಗಾಳಿ ಹೋಗುವ ಹೋಸು ಚಾಸಿಗೆ ಉಜ್ಜಿ ಉಜ್ಜಿ ಒಳಗಿನ ನೂಲು ಕಾಣುತ್ತಿದ್ದರೆ ಅದು ಘಾಟಿಯ ಇಳಿಜಾರಿನಲ್ಲಿ ಒಡೆಯುವುದಕ್ಕೆ ಕಾಯುತ್ತಿದೆ ಎಂದರ್ಥ. ತೊಳೆದಾದ ಮೇಲೆ ಗ್ರೀಸ್ ಗನ್ ಹಿಡಿದು ಒಂದೊಂದು ನಿಪ್ಪಲಿಗೂ ಹೊಸ ಗ್ರೀಸ್ ತುಂಬಿಸಬೇಕು, ಹಳೆಯದು ಅಂಚಿನಿಂದ ಹೊರಬರುವ ತನಕ. ಇಲ್ಲವಾದರೆ ಒಳಗೆ ನುಗ್ಗಿದ ನೀರು ಕಿಂಗ್‌ಪಿನ್ನನ್ನೂ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟನ್ನೂ ತಿನ್ನುತ್ತದೆ. ಗ್ಯಾರೇಜಿನ ಮೇಸ್ತ್ರಿ ಇದನ್ನೆಲ್ಲ ಬಲ್ಲ, ನಿಜ. ಆದರೆ ಗಾಡಿ ಕೆಟ್ಟ ಮೇಲೆ ಮಾತ್ರ ಅವನ ಹತ್ತಿರ ಹೋಗುತ್ತದೆ. ಕೆಡುವ ಮೊದಲು ಅದರ ಹೊಟ್ಟೆಯನ್ನು ಕಣ್ಣಾರೆ ನೋಡುವವನು ತೊಳೆಯುವವನು ಒಬ್ಬನೇ.

ಸರ್ಕಾರದ ತಪಾಸಣೆ ಇದೆಯಲ್ಲ ಎನ್ನಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಹೊಸ ಲಾರಿಯೊಂದು ಎರಡು ಎಫ್‌ಸಿಗಳ ನಡುವೆ ಲಕ್ಷಾಂತರ ಕಿಲೋಮೀಟರು ಓಡಿಬಿಡಬಹುದು. ಅಷ್ಟು ಓಟದಲ್ಲಿ ಅದರ ಅಡಿಭಾಗವನ್ನು ನೋಡುವ ಕಣ್ಣು ಯಾವುದು? ಮೇಲಿನ ಭಾಗಕ್ಕೂ ಇದೇ ಪ್ರಶ್ನೆ. ಅದೇ ನಿಯಮಗಳು ಸರಕು ವಾಹನಕ್ಕೆ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಬಣ್ಣದ ಬೆಳಕು ಹಿಂತಿರುಗಿಸುವ ಪಟ್ಟಿ ಅಂಟಿಸಬೇಕೆನ್ನುತ್ತವೆ. ಪಟ್ಟಿ ಅಂಟಿಸಿಯೂ ಇರುತ್ತಾರೆ. ಆದರೆ ಸಂಡೂರಿನ ಅದಿರಿನ ಕೆಂಪು ಧೂಳು, ಮಳೆಗಾಲದ ಎರೆಮಣ್ಣಿನ ಕೆಸರು, ಸಿಮೆಂಟಿನ ಬೂದಿ ಅದರ ಮೇಲೆ ಕೂತರೆ ಪಟ್ಟಿ ಇದ್ದೂ ಇಲ್ಲದಂತೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಆ ವರ್ಷದ ಅಪಘಾತಗಳಲ್ಲಿ ಸುಮಾರು ಐದರಲ್ಲಿ ಒಂದು, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದಿದ ಅಪಘಾತ. ಅವೆಲ್ಲ ಕೊಳಕು ಲಾರಿಯಿಂದಲೇ ಆದವು ಎಂದು ಯಾರೂ ಹೇಳಲಾರರು. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ನಿಂತ ಲಾರಿಯ ಹಿಂಬದಿ ದೂರದಿಂದಲೇ ಕಾಣಬೇಕು ಎಂಬುದರ ಬಗ್ಗೆ ಮಾತ್ರ ಎರಡು ಮಾತಿಲ್ಲ. ಟೈಲ್ ಲ್ಯಾಂಪು ಮತ್ತು ಪಟ್ಟಿ ಒರೆಸುವುದಕ್ಕೆ ಒಂದು ಬಕೆಟ್ ನೀರು, ಒಂದು ಬಟ್ಟೆ, ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಕೊಡುತ್ತಿದ್ದವನೇ ಕ್ಲೀನರ್.

ಈಗಿನ ವ್ಯವಸ್ಥೆಯಲ್ಲಿ ವಾಟರ್ ಸರ್ವಿಸ್‌ನವರಿಗೆ ಸಿಗುವುದು ಗಾಡಿಗಿಷ್ಟು ಎಂಬ ಗುತ್ತಿಗೆ ದರ. ದಿನಕ್ಕೆ ಹೆಚ್ಚು ಗಾಡಿ ಇಳಿಸಿದರೆ ಮಾತ್ರ ಕೈಗೆ ನಾಲ್ಕು ಕಾಸು. ಹಾಗಾಗಿ ಎಲ್ಲ ಕೆಡುಕೂ ಆತುರದಿಂದಲೇ ಹುಟ್ಟುತ್ತದೆ. ಜಿಡ್ಡನ್ನು ನೆನೆಯಿಸಿ ಬ್ರಷ್ಷಿನಲ್ಲಿ ಉಜ್ಜುವಷ್ಟು ಹೊತ್ತಿಲ್ಲದಾಗ ಡೀಸೆಲನ್ನು ಗಾಳಿಯ ಜೊತೆ ಚಾಸಿಗೆ ಎರಚುತ್ತಾರೆ. ಜಿಡ್ಡು ಕರಗುತ್ತದೆ, ನೋಡಲು ಕಪ್ಪಗೆ ಮಿರುಗುತ್ತದೆ, ಮಾಲೀಕನಿಗೂ ಖುಷಿ. ಆದರೆ ಡೀಸೆಲ್ ತಗುಲಿದ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಎರಚುವವನ ಮೂಗಿಗೂ ಕಣ್ಣಿಗೂ ಅದರ ಮಂಜು ಹೋಗುತ್ತದೆ, ತೊಳೆದ ನೀರಿನ ಜೊತೆ ಅದು ಚರಂಡಿ ಸೇರುತ್ತದೆ. ಒತ್ತಡದ ನೀರನ್ನು ರೇಡಿಯೇಟರಿಗೆ ನೇರವಾಗಿ, ಹತ್ತಿರದಿಂದ ಹಿಡಿದರೆ ಅದರ ತೆಳುವಾದ ಹಾಳೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ, ಮುಂದಿನ ಘಾಟಿ ಏರುವಾಗ ಎಂಜಿನ್ ಕಾಯುತ್ತದೆ. ಹಳೆಯ ಲಾರಿಗಳು ಇಂಥ ಒರಟು ಸ್ನಾನವನ್ನು ಹೇಗೋ ತಡೆದುಕೊಂಡವು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಮಾತು ಬೇರೆ. ಹೊಗೆ ಕೊಳವೆಯ ಉದ್ದಕ್ಕೂ ಸೆನ್ಸರುಗಳು, ಅವುಗಳ ವೈರಿಂಗು, ಕನೆಕ್ಟರುಗಳು, ಯೂರಿಯಾ ದ್ರಾವಣದ ಟ್ಯಾಂಕು. ಎಲ್ಲಿಗೆ ನೀರು ಹಿಡಿಯಬೇಕು, ಎಲ್ಲಿಗೆ ಪ್ಲಾಸ್ಟಿಕ್ ಸುತ್ತಿ ಬಟ್ಟೆಯಲ್ಲಿ ಒರೆಸಬೇಕು ಎಂದು ತಿಳಿಯದವನ ಕೈಗೆ ಇಂಥ ಗಾಡಿ ಕೊಟ್ಟರೆ ತೊಳೆಯುವುದರಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ವರ್ಕ್‌ಶಾಪಿಗೆ ಹೋಗುತ್ತದೆ. ಇದು ಕಲಿತು ಮಾಡಬೇಕಾದ ಕೆಲಸ. ಕಲಿಸುವವರು ಯಾರೂ ಇಲ್ಲ, ಕಲಿತವನಿಗೆ ಹೆಚ್ಚು ಕೊಡುವವರೂ ಇಲ್ಲ.

ಹೊರಮೈ ತೊಳೆಯುವವರ ಕಷ್ಟ ಒದ್ದೆ ಕಾಲು, ಬಿರಿದ ಅಂಗೈ, ಸೊಂಟನೋವಿನದ್ದು. ಗಾಡಿಯ ಒಳಗೆ ಇಳಿಯುವವರ ಕಷ್ಟ ಪ್ರಾಣದ್ದು. ಬೆಂಗಳೂರಿನಂಥ ಊರಿನಲ್ಲಿ ಕಾಂಕ್ರೀಟ್ ಹೊತ್ತು ತಿರುಗುವ ಮಿಕ್ಸರ್ ಲಾರಿಗಳನ್ನು ನೋಡದವರಿಲ್ಲ. ಸಂಜೆ ಸರಿಯಾಗಿ ತೊಳೆಯದೆ ಬಿಟ್ಟರೆ ಅದರ ಡ್ರಮ್ಮಿನ ಒಳಗೆ ಕಾಂಕ್ರೀಟ್ ಗಟ್ಟಿಯಾಗಿ ಕೂರುತ್ತದೆ. ಆಗ ಒಬ್ಬ ಕಾರ್ಮಿಕ ಸಣ್ಣ ಬಾಯಿಯ ಮೂಲಕ ಒಳಗಿಳಿದು ಬ್ರೇಕರ್ ಹಿಡಿದು ಅದನ್ನು ಒಡೆಯಬೇಕು. ಕಬ್ಬಿಣದ ಪೀಪಾಯಿಯೊಳಗೆ ಕಿವಿ ಒಡೆಯುವ ಸದ್ದು, ಮುಖದ ಸುತ್ತ ಸಿಲಿಕಾ ತುಂಬಿದ ಧೂಳು. ಆ ಧೂಳು ಶ್ವಾಸಕೋಶದಲ್ಲಿ ನಿಂತು ತರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಟ್ಯಾಂಕರುಗಳ ಕತೆ ಇನ್ನೂ ಭೀಕರ. ಕಾಕಂಬಿ ಕೊಳೆತರೂ ಮೀನಿನ ನೀರು ಕೊಳೆತರೂ ಮುಚ್ಚಿದ ಟ್ಯಾಂಕಿನ ಗಾಳಿಯಲ್ಲಿದ್ದ ಆಮ್ಲಜನಕ ಕರಗುತ್ತದೆ, ವಿಷದ ಅನಿಲ ತುಂಬಿಕೊಳ್ಳುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿದೆ. ಅದು ಶೇ 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಉಸಿರಾಟದ ಸಲಕರಣೆಯಿಲ್ಲದೆ ಯಾರೂ ಇಳಿಯಬಾರದು. ಮೂಗಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಮೀಟರಿಗೆ ಮಾತ್ರ ತಿಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಬಿದ್ದ, ಅವನನ್ನು ಎತ್ತಲು ಜೊತೆಯವರು ಇಳಿದರು, ಐದು ಮಂದಿ ಸತ್ತರು. ಅದು ಟ್ಯಾಂಕರ್ ಆಗಿರಲಿಲ್ಲ. ಆದರೆ ಟ್ಯಾಂಕರಿನೊಳಗಿನ ಗಾಳಿ ಕೊಲ್ಲುವ ರೀತಿಯೂ, ಕಾಪಾಡಲು ಹೋದವರನ್ನೇ ಸೆಳೆದುಕೊಳ್ಳುವ ರೀತಿಯೂ ಇದೇ. ಮುಚ್ಚಿದ ಟ್ಯಾಂಕಿನೊಳಗೆ ಪರೀಕ್ಷೆ ಮಾಡದೆ ಯಾರನ್ನೂ ಇಳಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮು ಆಗಲೇ ಹೇಳಿತ್ತು. ಅದು ಕಾರ್ಖಾನೆಯ ಗೇಟಿನ ಒಳಗಿನವರಿಗೆ ಬರೆದ ಮಾತು. ರಸ್ತೆ ಬದಿಯ ಸರ್ವಿಸ್ ಶೆಡ್ಡಿನಲ್ಲಿ ಟ್ಯಾಂಕರಿಗೆ ಇಳಿಯುವ ಹುಡುಗನ ತನಕ ಅದು ತಲುಪಲೇ ಇಲ್ಲ. ದರ ಕಡಿಮೆ ಎಂಬ ಕಾರಣಕ್ಕೆ ಆ ಹುಡುಗನನ್ನು ಇಳಿಸುವ ಮಾಲೀಕ, ಏಣಿ ಹಾಕುವ ಮೊದಲು ಗಾಳಿ ಅಳೆಯುವ ಮೀಟರು ತರಬೇಕು. ಅದಿಲ್ಲದ ಕಡೆ ಟ್ಯಾಂಕರಿನ ಒಳಗೆ ತೊಳೆಯುವುದನ್ನು ನಿಲ್ಲಿಸಲೇಬೇಕು. ಇಲ್ಲಿ ರಾಜಿಯ ಮಾತೇ ಸಲ್ಲದು.

ಸಾಗಣೆಯಲ್ಲಿ ವಿಷ ಆಹಾರಕ್ಕೆ ತಾಗಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳವೇ ಒಮ್ಮೆ ಘೋರ ಬೆಲೆ ತೆತ್ತು ತೋರಿಸಿದೆ. 1958ರಲ್ಲಿ ಫೋಲಿಡಾಲ್ ಎಂಬ ಕೀಟನಾಶಕದ ಜೊತೆಗೆ ಒಂದೇ ಹಡಗಿನಲ್ಲಿ ಬಂದ ಗೋಧಿ ಹಿಟ್ಟು ಅಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಸೋರಿದ ವಿಷ ಹಿಟ್ಟಿನ ಚೀಲಕ್ಕೆ ಇಳಿದಿತ್ತು, ಅಷ್ಟೇ. ಆ ದುರಂತದ ವಿಚಾರಣೆಯ ನಂತರ ದೇಶಕ್ಕೆ 1968ರ ಕೀಟನಾಶಕ ಕಾಯ್ದೆ ಬಂತು. ಕೀಟನಾಶಕವು ಆಹಾರಕ್ಕೂ ಮೇವಿಗೂ ತಾಗುವಂತೆ ಸಾಗಿಸಬಾರದು ಎಂದು 1971ರ ನಿಯಮಗಳು ವಿಧಿಸಿದವು. ಇಂದು ಆ ನಿಯಮವನ್ನು ಓದುವವರು ಒಂದೇ ಸಲ ಎರಡೂ ಸರಕನ್ನು ತುಂಬಬಾರದು ಎಂದಷ್ಟೇ ತಿಳಿಯುತ್ತಾರೆ. ಆದರೆ ನಿನ್ನೆ ರಸಗೊಬ್ಬರವನ್ನೋ ಔಷಧಿ ಡಬ್ಬಿಗಳನ್ನೋ ಇಳಿಸಿದ ಲಾರಿಯ ಹಲಗೆಯ ಮೇಲೆ ಇವತ್ತು ಅಕ್ಕಿ, ಜೋಳ, ತರಕಾರಿ ಹೇರುತ್ತಾರೆ. ನಡುವೆ ಒಂದು ಪೊರಕೆ ಆಡಿದ್ದರೆ ಅದೇ ಹೆಚ್ಚು. ಹಲಗೆಯ ಸಂದಿಯಲ್ಲಿ ಉಳಿದದ್ದು ಚೀಲದ ಅಡಿಗೆ ಅಂಟುತ್ತದೆ. ಅಮೆರಿಕದಲ್ಲಿ 1994ರಲ್ಲಿ ಹಸಿ ಮೊಟ್ಟೆಯ ದ್ರವ ಸಾಗಿಸಿದ್ದ ಟ್ಯಾಂಕರುಗಳಲ್ಲೇ ಐಸ್‌ಕ್ರೀಮಿನ ಮಿಶ್ರಣ ಸಾಗಿಸಿದ್ದರಿಂದ ಸಾಲ್ಮೊನೆಲ್ಲಾ ಹರಡಿ ಸುಮಾರು 2,24,000 ಮಂದಿ ಕಾಯಿಲೆ ಬಿದ್ದರೆಂದು ಅಂದಾಜಾಯಿತು. ನಮ್ಮ ದೊಡ್ಡ ಡೇರಿಗಳಲ್ಲಿ ಹಾಲಿನ ಟ್ಯಾಂಕರು ಖಾಲಿಯಾದ ಕೂಡಲೇ ಪೈಪು ಜೋಡಿಸಿ ಬಿಸಿ ಕಾಸ್ಟಿಕ್ ದ್ರಾವಣ, ಆಮೇಲೆ ಆಮ್ಲ, ಕೊನೆಗೆ ಶುದ್ಧ ನೀರು ಹಾಯಿಸಿ ತೊಳೆಯುವ ಪದ್ಧತಿ ಇದೆ. ಯಾರೂ ಒಳಗಿಳಿಯಬೇಕಿಲ್ಲ. ಹಾಲಿಗೆ ಸಲ್ಲುವ ಈ ಎಚ್ಚರ ಅಡುಗೆ ಎಣ್ಣೆಗೂ ಅಕ್ಕಿಗೂ ಯಾಕೆ ಸಲ್ಲಬಾರದು? ಯುರೋಪಿನಲ್ಲಿ ಟ್ಯಾಂಕರನ್ನು ಎಲ್ಲಿ, ಯಾವಾಗ, ಯಾವುದರಿಂದ ತೊಳೆದರು, ಹಿಂದಿನ ಸರಕು ಏನಿತ್ತು ಎಂಬ ಚೀಟಿ ಗಾಡಿಯ ಜೊತೆಗೇ ಬರುತ್ತದೆ. ಅಂಥ ಒಂದು ಚೀಟಿ ನಮ್ಮ ಆಹಾರ ಸಾಗಣೆಯಲ್ಲೂ ಕಡ್ಡಾಯವಾದರೆ ಅದರ ಮೇಲೆ ಸಹಿ ಹಾಕುವವನ ಬೆಲೆಯೂ ತಾನಾಗಿ ಏರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನೀರಿನದ್ದು, ಅದು ನ್ಯಾಯವಾದದ್ದೇ. ಕುಡಿಯಲು ನೀರಿಲ್ಲದ ನಾಡಿನಲ್ಲಿ ಲಾರಿಗೆ ಸ್ನಾನವೇ ಎಂದು ಕೇಳುವವರನ್ನು ತಳ್ಳಿಹಾಕುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಆ ಆದೇಶ ಸರಿಯಾದದ್ದು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 15 ಲೀಟರ್ ಬಿಡುವ ಪಂಪು ಅರ್ಧ ಗಂಟೆ ಓಡಿದರೆ 450 ಲೀಟರ್, ದಿನಕ್ಕೆ ಇಪ್ಪತ್ತು ಗಾಡಿಗೆ 9,000 ಲೀಟರ್. ಇಷ್ಟು ನೀರನ್ನು ಬೋರಿನಿಂದ ಎತ್ತಿ ಎಣ್ಣೆ ಬೆರೆಸಿ ಚರಂಡಿಗೆ ಬಿಡುವುದು ಅನ್ಯಾಯ. ಆದರೆ ಲಾರಿಯ ಅಡಿಗೆ ಕುಡಿಯುವ ನೀರು ಬೇಕಾಗಿಯೇ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧೀಕರಿಸಿ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ರಾಜ್ಯ ನಮ್ಮದು. ಅಂಥ ನೀರು ಟ್ರಕ್ ಟರ್ಮಿನಲ್ಲಿಗೆ ಬರುವುದು ಅಸಾಧ್ಯವಲ್ಲ. ತೊಳೆದ ನೀರನ್ನೂ ಮತ್ತೆ ಬಳಸಬಹುದು. ಇಳಿಜಾರು ಕಾಂಕ್ರೀಟ್ ನೆಲದಿಂದ ನೀರು ಮೊದಲು ಒಂದು ತೊಟ್ಟಿಗೆ ಬಂದು ಮಣ್ಣು ಮರಳು ತಳಕ್ಕೆ ಕೂರಬೇಕು, ಎರಡನೆಯ ತೊಟ್ಟಿಯಲ್ಲಿ ನಿಂತು ಎಣ್ಣೆ ಮೇಲಕ್ಕೆ ತೇಲಬೇಕು, ಅದನ್ನು ತೆಗೆದು ಉಳಿದ ನೀರನ್ನು ಮರಳಿನಲ್ಲಿ ಸೋಸಿ ಮುಂದಿನ ಗಾಡಿಯ ಚಾಸಿಗೆ ಹಿಡಿಯಬೇಕು. ಇಲ್ಲೂ ತೊಳೆಯುವವನ ಕೈಚಳಕವೇ ಮುಖ್ಯ. ಸೋಪಿನ ಪುಡಿಯನ್ನು ಮನಸೋ ಇಚ್ಛೆ ಸುರಿದರೆ ಎಣ್ಣೆ ನೀರಿನಲ್ಲಿ ಕಲಸಿಹೋಗಿ ಮೇಲಕ್ಕೆ ತೇಲುವುದೇ ಇಲ್ಲ, ತೊಟ್ಟಿ ಕಟ್ಟಿಯೂ ವ್ಯರ್ಥ. ನೀರಿನ ನಿಜವಾದ ಶತ್ರು ಈಗಿನ ಬಿಡುಬೀಸು ಪದ್ಧತಿ. ದುಡ್ಡು ಉಳಿಸಲು ಲಾರಿಯನ್ನು ನೇರ ಕೆರೆಗೆ, ಹೊಳೆಗೆ ಇಳಿಸಿ ತೊಳೆಯುವುದು ಇನ್ನೂ ನಿಂತಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಅದು ನಿಷಿದ್ಧ. ಹೊಳೆಗೆ ಬಿಡುವ ತ್ಯಾಜ್ಯ ನೀರಿನ ಒಂದು ಲೀಟರಿನಲ್ಲಿ ಎಣ್ಣೆ ಮತ್ತು ಜಿಡ್ಡು 10 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇದೆ. ಒಂದು ಲಾರಿಯ ಹೌಸಿಂಗಿನಿಂದ ಇಳಿಯುವ ಜಿಡ್ಡು ಎಷ್ಟು ಸಾವಿರ ಲೀಟರಿನ ಮಿತಿಯನ್ನು ಮುರಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಆಕ್ಷೇಪ ಮಾಲೀಕರದ್ದು. ನಮ್ಮ ಲಾರಿ ಮಾಲೀಕರಲ್ಲಿ ಹೆಚ್ಚಿನವರು ಒಂದೆರಡು, ಹೆಚ್ಚೆಂದರೆ ನಾಲ್ಕೈದು ಗಾಡಿ ಇಟ್ಟುಕೊಂಡವರು. ಕಂತು ಕಟ್ಟುವುದೇ ಕಷ್ಟವಾಗಿರುವಾಗ ತೊಳೆಯುವುದಕ್ಕೆ ಇನ್ನಷ್ಟು ಎಲ್ಲಿಂದ ತರಲಿ ಎಂದು ಅವರು ಕೇಳಿದರೆ ಅದು ಕುಂಟುನೆಪವಲ್ಲ. ಹಾಗಂತ ಅವರಿಗೆ ಗಾಡಿಯ ಮೇಲೆ ಪ್ರೀತಿಯಿಲ್ಲ ಎನ್ನಲಾಗದು. ಆಯುಧಪೂಜೆಯ ಹಿಂದಿನ ದಿನ ಯಾವ ವಾಟರ್ ಸರ್ವಿಸ್ ಮುಂದೆ ಹೋದರೂ ಸಾಲು ಕಾಣುತ್ತದೆ. ಅವತ್ತು ಯಾರೂ ಚೌಕಾಸಿ ಮಾಡುವುದಿಲ್ಲ. ಅನ್ನ ಕೊಡುವ ಗಾಡಿ ಎಂದು ತಲೆಯಿಂದ ತಳದ ತನಕ ತೊಳೆಸಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುತ್ತಾರೆ. ಮನಸ್ಸಿದೆ, ಉಳಿದ ದಿನಗಳಿಗೆ ದುಡ್ಡಿಲ್ಲ. ಹಾಗಾದರೆ ಖರ್ಚು ಯಾರು ಹೊರಬೇಕು? ಸರಕು ಕಳಿಸುವವನೇ ಹೊರಬೇಕು. ಇದರಲ್ಲಿ ಹೊಸದೇನೂ ಇಲ್ಲ. ಲಾರಿ ಬಾಡಿಗೆಯ ಲೆಕ್ಕದಲ್ಲಿ ಹಮಾಲಿ ಬೇರೆ, ಕಾಟಾ ಬೇರೆ, ಟೋಲ್ ಬೇರೆ ಎಂದು ಬರೆದುಕೊಳ್ಳುವುದು ಮಂಡಿಯಲ್ಲಿ ಮೊದಲಿನಿಂದ ಬಂದ ರೂಢಿ. ಹಾಗೆಯೇ ‘ತೊಳೆದದ್ದು’ ಎಂದು ಒಂದು ಸಾಲು ಸೇರಲಿ. ಸಿಮೆಂಟು, ಗೊಬ್ಬರ, ಅದಿರು, ಮೀನು ಹೇರಿ ಗಾಡಿಯನ್ನು ಹೊಲಸು ಮಾಡಿದ ಸರಕಿನ ಮಾಲೀಕನೇ ಅದನ್ನು ಮುಂದಿನವನಿಗೆ ಚೊಕ್ಕವಾಗಿ ಬಿಡುವ ಖರ್ಚನ್ನು ಕೊಡಬೇಕು. ಹತ್ತಾರು ಟನ್ ಸರಕಿಗೆ ಆ ಖರ್ಚನ್ನು ಹಂಚಿದರೆ ಕಿಲೋಗೆ ಬೀಳುವುದು ಪೈಸೆಗಳ ಲೆಕ್ಕ. ಒಬ್ಬ ಸಣ್ಣ ಮಾಲೀಕನ ಜೇಬಿನಿಂದ ಕೇಳಿದಾಗ ಭಾರವಾಗುವ ಮೊತ್ತ, ಸರಕಿನ ಬೆಲೆಯಲ್ಲಿ ಕಾಣುವುದೂ ಇಲ್ಲ.

ಡ್ರೈವರೇ ತೊಳೆಯಲಿ ಎನ್ನುವವರೂ ಇದ್ದಾರೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಕಾಯ್ದೆಯೇ ಬರೆದಿದ್ದರೂ ಲಾರಿ ಡ್ರೈವರನ ದಿನ ಎಷ್ಟು ಉದ್ದ ಎಂಬುದು ಹೆದ್ದಾರಿಯ ಡಾಬಾಗಳಿಗೆಲ್ಲ ಗೊತ್ತು. ಹೊಸದಾಗಿ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಎಂದು ಕೇಂದ್ರ ಸರ್ಕಾರ ಹೇಳಿದ್ದು ಡ್ರೈವರನ ದಣಿವು ರಸ್ತೆಯ ಅಪಾಯ ಎಂದು ಒಪ್ಪಿಕೊಂಡೇ. ಆ ದಣಿದ ಮನುಷ್ಯನ ನಿದ್ದೆಯ ಹೊತ್ತಿನಿಂದ ಎರಡು ಗಂಟೆ ಕಿತ್ತು ಪೈಪು ಕೈಗೆ ಕೊಡುವುದು ಯಾವ ನ್ಯಾಯ? ಯಂತ್ರ ತಂದು ನಿಲ್ಲಿಸಿದರಾಯಿತು ಎಂಬ ಮಾತೂ ಅರ್ಧ ಸತ್ಯವೇ. ಬಸ್ಸಿನ ನಯವಾದ ಪಕ್ಕೆಗೆ ತಿರುಗುವ ಬ್ರಷ್ಷು ಒಗ್ಗುತ್ತದೆ. ಕೊಂಡಿ, ಸರಪಳಿ, ಹಗ್ಗದ ಬಳೆ, ತೆರೆದ ಹಲಗೆಗಳ ಲಾರಿಗೆ, ಅದರಲ್ಲೂ ಚಾಸಿಯ ಒಳಮೂಲೆಗೆ, ಬ್ರಷ್ಷು ಹೋಗುವುದಿಲ್ಲ, ಮನುಷ್ಯನ ಕೈಯೇ ಹೋಗಬೇಕು.

ಕೊನೆಯ ಆಕ್ಷೇಪ ಹೆಚ್ಚು ಯೋಚಿಸಬೇಕಾದದ್ದು. ನಿಯಮ ಬಿಗಿ ಮಾಡಿದರೆ ಒಂದು ಕಂಪ್ರೆಸರ್, ಒಂದು ರ‍್ಯಾಂಪ್ ಇಟ್ಟುಕೊಂಡು ಬದುಕುವ ಸಣ್ಣ ಶೆಡ್ಡುಗಳು ಮುಚ್ಚಿಹೋಗುತ್ತವೆ, ಆ ಹುಡುಗರು ಬೀದಿಗೆ ಬೀಳುತ್ತಾರೆ ಎಂಬ ಭಯ ಅದು. ವಾಹನ ಸರ್ವಿಸಿಂಗ್ ಮಾಲಿನ್ಯ ಮಂಡಳಿಗಳ ಪಟ್ಟಿಯಲ್ಲಿ ಕಿತ್ತಳೆ ವರ್ಗಕ್ಕೆ ಸೇರಿಸಿದ ಉದ್ಯಮ. ಅನುಮತಿ ಬೇಕು, ಶುದ್ಧೀಕರಣ ಬೇಕು. ಒಬ್ಬೊಬ್ಬ ಸಣ್ಣವನೂ ತನ್ನದೇ ತೊಟ್ಟಿ, ಸೋಸುಕ ಕಟ್ಟಲಾರ ಎಂಬುದು ನಿಜ. ನೋಟಿಸ್ ಕೊಟ್ಟು ಶೆಡ್ಡು ಮುಚ್ಚಿಸಿದರೆ ಕೆಲಸ ಹೊಳೆದಂಡೆಗೆ ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅದಕ್ಕೇ ಸರ್ಕಾರ ಮೊದಲು ಜಾಗ ಕೊಡಬೇಕು, ಆಮೇಲೆ ದಂಡ ಹಾಕಬೇಕು. ಸರ್ಕಾರಿ ಬಸ್ಸಿಗೆ ಸಂಜೆ ಸೇರಲು ಡಿಪೊ ಇದೆ, ಅಲ್ಲಿ ತೊಳೆಯುವ ಜಾಗವಿದೆ, ಅದಕ್ಕೆಂದೇ ಸಿಬ್ಬಂದಿ ಇದ್ದಾರೆ. ಲಾರಿಗೆ ಅಂಥ ಮನೆಯಿಲ್ಲ. ರಾಜ್ಯದಲ್ಲಿ ಟ್ರಕ್ ಟರ್ಮಿನಲ್ ಕಟ್ಟುವುದಕ್ಕೆಂದೇ ಡಿ. ದೇವರಾಜ ಅರಸು ಅವರ ಹೆಸರಿನ ಸರ್ಕಾರಿ ಕಂಪನಿ ಇದೆ, ಯಶವಂತಪುರದಲ್ಲಿ ಅದರ ಟರ್ಮಿನಲ್ ಇದೆ. ಇಂಥ ಒಂದೊಂದು ಟರ್ಮಿನಲ್ಲಿನಲ್ಲೂ, ದೊಡ್ಡ ಎಪಿಎಂಸಿ ಯಾರ್ಡುಗಳಲ್ಲೂ, ಪಣಂಬೂರಿನ ಬಂದರಿನ ಹತ್ತಿರವೂ, ಸಂಡೂರು ಹೊಸಪೇಟೆಯ ಅದಿರಿನ ದಾರಿಯಲ್ಲೂ ಸಾಲು ರ‍್ಯಾಂಪುಗಳನ್ನು ಕಟ್ಟಿ, ಎಲ್ಲಕ್ಕೂ ಸೇರಿ ಒಂದೇ ಶುದ್ಧೀಕರಣದ ತೊಟ್ಟಿ ಇಟ್ಟು, ಒಂದೊಂದು ರ‍್ಯಾಂಪನ್ನು ಈಗ ಶೆಡ್ಡು ನಡೆಸುವವರಿಗೇ ಬಾಡಿಗೆಗೆ ಕೊಡಬೇಕು. ಅವರ ಗಿರಾಕಿ ಅವರಿಗೇ ಉಳಿಯುತ್ತಾನೆ, ಹೊಳೆಯೂ ಉಳಿಯುತ್ತದೆ. ಐಟಿಐಗಳು ಮೂರು ನಾಲ್ಕು ವಾರದ ತರಬೇತಿಯೊಂದನ್ನು ಶುರು ಮಾಡಲಿ: ಬಿಎಸ್-6 ಗಾಡಿಗೆ ನೀರು ಹಿಡಿಯುವ ಬಗೆ, ಬಿರುಕು ಗುರುತಿಸುವ ಬಗೆ, ಟ್ಯಾಂಕಿನ ಗಾಳಿ ಅಳೆಯುವ ಬಗೆ. ತರಬೇತಿ ಪಡೆದವನು ಗಾಡಿ ತೊಳೆದು ತಾನು ಕಂಡದ್ದನ್ನು ಅರ್ಧ ಹಾಳೆಯಲ್ಲಿ ಬರೆದುಕೊಡಲಿ, ಆ ಅರ್ಧ ಹಾಳೆಗೂ ಸೇರಿಸಿ ಅವನಿಗೆ ಕೂಲಿ ಸಿಗಲಿ.

ರಾಜ್ಯ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಮಾಡಿದೆ. ಡ್ರೈವರು, ಕ್ಲೀನರು, ಗ್ಯಾರೇಜಿನವರು ಎಲ್ಲರಿಗೂ ಒಂದು ಮಂಡಳಿಯ ನೆರಳು ಸಿಗಬೇಕೆಂಬುದು ಅದರ ಉದ್ದೇಶ. ಪೈಪು ಹಿಡಿದು ನಿಂತವರು ಆ ನೆರಳಿನ ಹೊರಗೆ ಉಳಿಯಬಾರದು. ಕಾರ್ಮಿಕ ಇಲಾಖೆಯ ನಿರೀಕ್ಷಕರು ಕಚೇರಿಯಲ್ಲಿ ಅರ್ಜಿಗಾಗಿ ಕಾಯದೆ ಹೆದ್ದಾರಿಯ ವಾಟರ್ ಸರ್ವಿಸ್ ಶೆಡ್ಡುಗಳಿಗೇ ಹೋಗಿ ಅವರ ಹೆಸರು ಬರೆದುಕೊಳ್ಳಬೇಕು, ಗಮ್‌ಬೂಟು, ಗ್ಲೌಸು, ಕನ್ನಡಕ ಇದೆಯೇ ಎಂದು ಕಣ್ಣಾರೆ ನೋಡಿ ಬರಬೇಕು. ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಹೇರಿಸುವ ವರ್ತಕರಲ್ಲೂ ಒಂದು ಕೋರಿಕೆ ಇದೆ. ನಾಳೆ ನಿಮ್ಮ ಗೋದಾಮಿನ ಮುಂದೆ ಲಾರಿ ಬಂದು ನಿಂತಾಗ ಚೀಲ ಹೊರಿಸುವ ಮೊದಲು ಹಲಗೆಯ ಮೇಲೆ ಒಮ್ಮೆ ಹತ್ತಿ ನೋಡಿ. ಹಿಂದಿನ ಸಲ ಏನು ಹೇರಿದ್ದಿರಿ, ಎಲ್ಲಿ ತೊಳೆಸಿದಿರಿ ಎಂದು ಡ್ರೈವರನ್ನು ಕೇಳಿ. ತೊಳೆಸಿಲ್ಲ ಎಂದರೆ ಬಯ್ಯಬೇಡಿ, ತೊಳೆಸಿಕೊಂಡು ಬರಲು ದುಡ್ಡು ಕೊಟ್ಟು ಕಳಿಸಿ.